ರೆಕ್ಕೆಹಾವಿನ ಮರಿ ಸಾಕಿದ ಮಳೆಗಾಲ

ಎಲ್ಲ ಕೆಡಲು ಶುರುವಾದದ್ದು ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ. ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿಯುವ ಮುನ್ನ ಹೊತ್ತು ನೋಡಿದ್ದೆ, ಅದಕ್ಕೇ ಅಷ್ಟು ಖಚಿತವಾಗಿ ಹೇಳಬಲ್ಲೆ. ಜುಲೈ ತಿಂಗಳ ಭಾನುವಾರ. ಖಾರಘರದ ಗುಡ್ಡದಲ್ಲಿ ಒಂದು ಹಳ್ಳದ ದಡದಲ್ಲಿ ನಾವು ಮೂವರು ಗೆಳೆಯರು ನಿಂತಿದ್ದೆವು. ಮಳೆಗಾಲದಲ್ಲಿ ಮೇಲೆ ಹತ್ತಬಾರದು ಎಂಬ ಬೋರ್ಡನ್ನು ಕೆಳಗೆ ದಾಟಿ ಬಂದಿದ್ದೆವು. ಗಿರೀಶನಿಗೆ ಹಳ್ಳವನ್ನೂ ದಾಟಬೇಕಿತ್ತು. ಬಸವರಾಜ ಬೇಡವೆಂದ.

"ಮ್ಯಾಲೆ ಗುಡ್ಡದಾಗ ಹೆಂಗ ಕಪ್ಪಾಗ್ಯದ ನೋಡು. ಇಳಿಯೂನು ನಡಿ."

"ಮೊಣಕಾಲಿಗೂ ಬರುದಿಲ್ಲ ಮಾರಾಯ ಈ ನೀರು. ಎಂತ, ಕೈಗೆ ಬಳೆ ತೊಟ್ಕೊಂಡಿದ್ದೀಯಾ ನೀನು?" ಎಂದ ಗಿರೀಶ.

ನಾನು ನಕ್ಕೆ. ಮುಂದೆ ನಡೆದದ್ದರಲ್ಲಿ ನನ್ನ ಮೊದಲ ಪಾಲು ಆ ನಗು. ಗಿರೀಶ ಪ್ಯಾಂಟು ಮಡಚಿ ನೀರಿಗಿಳಿದ.

ಇದಾಗಿ ಎರಡು ವರ್ಷವಾಯಿತು. ಈಗಲೂ ಮಳೆಗಾಲದ ಬೆಳಗ್ಗೆ ನಾನು ಹೋಗುವ ಲೋಕಲ್ ರೈಲು ಮಾನಸರೋವರ ಸ್ಟೇಷನ್ ದಾಟಿ ಖಾರಘರಕ್ಕೆ ಬರುವಾಗ ಗುಡ್ಡದ ಮೈಮೇಲೆ ನೀರು ಬಿಳಿ ನೂಲಿನಂತೆ ಇಳಿಯುವುದು ಕಾಣುತ್ತದೆ. ಬಾಗಿಲಲ್ಲಿ ನಿಂತವರು ಮೊಬೈಲು ಎತ್ತಿ ಫೋಟೋ ತೆಗೆಯುತ್ತಾರೆ. ನಾನು ಆಚೆ ಕಿಟಕಿಯತ್ತ ತಿರುಗುತ್ತೇನೆ. ಹೋದ ವಾರ ಪಕ್ಕದಲ್ಲಿ ಕುಳಿತವನ ಒದ್ದೆ ಶೂಗಳಿಂದ ಕೆಸರು ಮತ್ತು ಕೊಳೆತ ಎಲೆಯ ವಾಸನೆ ಬಂತು. ಅಲ್ಲಿ ಕೂರಲಾಗದೆ ಬೇಲಾಪುರದಲ್ಲಿ ಇಳಿದು ಮುಂದಿನ ಗಾಡಿಗೆ ಕಾದೆ. ಬೆಂಚಿನ ಮೇಲೆ ಕುಳಿತಾಗ, ಆ ಮಳೆಗಾಲವನ್ನು ಒಮ್ಮೆ ಬರೆದುಬಿಡೋಣ ಎನ್ನಿಸಿತು. ಅದರಲ್ಲಿ ಇದ್ದದ್ದು ಹಳ್ಳ ಒಂದೇ ಅಲ್ಲ.

ಆಗ ನಾವು ಮೂವರೂ ಕಾಮೋಠೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದೆವು. ನಾನು ರಸಾಯನಶಾಸ್ತ್ರ ಓದಿದವನು, ಮಹಾಪೆಯಲ್ಲಿ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಗಿರೀಶ ಅಲ್ಲೇ ಸಮೀಪದ ಐಟಿ ಆಫೀಸಿನಲ್ಲಿದ್ದ. ನಮ್ಮಿಬ್ಬರ ಮನೆಯವರೂ ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದವರು. ಗಿರೀಶನ ಅಪ್ಪ ಅಲ್ಲಿ ಹೋಟೆಲೊಂದರ ಮ್ಯಾನೇಜರು. ಅಣ್ಣನ ಮದುವೆಯಾಗಿ ಮನೆ ಇಕ್ಕಟ್ಟಾದಾಗ ಗಿರೀಶ ಹೊರಬಂದ, ನನ್ನನ್ನೂ ಎಳೆದುಕೊಂಡು ಬಂದ. ಬಸವರಾಜ, ನಮ್ಮ ಬಸು, ಕಲಬುರಗಿ ಕಡೆಯವನು. ಗಾರೆ ಹೊರಲು ಬಂದವನು ಖಾರಘರದ ಎತ್ತರದ ಕಟ್ಟಡವೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ನಮಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವನು. ಊರಲ್ಲಿ ಹೆಂಡತಿ ಮತ್ತು ಎಂಟು ತಿಂಗಳ ಮಗಳು. ಹುಟ್ಟಿದ ಮೇಲೆ ಮಗಳನ್ನು ಅವನು ಎತ್ತಿಕೊಂಡದ್ದು ಒಟ್ಟು ಒಂಬತ್ತು ದಿನ. ಆ ಲೆಕ್ಕ ಅವನ ಬಾಯಲ್ಲೇ ಇರುತ್ತಿತ್ತು.

ಮನೆಯಲ್ಲಿ ನಮ್ಮದೊಂದು ಕಟ್ಟಳೆ ಇತ್ತು. ಅಡುಗೆ ಮಾಡಿದವನು ಪಾತ್ರೆ ತೊಳೆಯುವಂತಿಲ್ಲ. ಪಾತ್ರೆ ತೊಳೆಯುವವನು ಕತೆ ಹೇಳಬೇಕು. ಜೂನಿನ ಮೊದಲ ಮಳೆಗೆ ಕರೆಂಟು ಹೋದ ಸಂಜೆ ತಮಾಷೆಗೆ ಶುರುವಾದದ್ದು ಅದು. ತೊಳೆಯುವವನ ಮುಖ ನಲ್ಲಿಯ ಕಡೆಗೆ, ಬೆನ್ನು ನಮ್ಮ ಕಡೆಗೆ. ನೀರಿನ ಸದ್ದಿನ ಮೇಲೆ ದನಿ ಏರಿಸಿ ಹೇಳಬೇಕು. ಹೇಳುವವನ ಮುಖ ಯಾರಿಗೂ ಕಾಣುತ್ತಿರಲಿಲ್ಲವಾದ್ದರಿಂದ, ಎದುರು ಕೂತು ಆಡಲಾಗದ ಮಾತುಗಳೆಲ್ಲ ಅಲ್ಲಿ ಸಲೀಸಾಗಿ ಬರುತ್ತಿದ್ದವು. ಅದು ನಮಗೆ ತಿಳಿಯಲು ತುಂಬ ದಿನ ಹಿಡಿಯಿತು.

ಕತೆ ಒಂದೇ, ದಿನಕ್ಕೊಬ್ಬರು ಮುಂದುವರಿಸುವುದು. ಭೈರಗೊಂಡ ಎಂಬ ದೈತ್ಯ ಯೋಧ, ಮುಷ್ಟಿಯಿಂದ ಬಂಡೆ ಒಡೆಯುವವನು. ಸೂರ ಎಂಬ ಸಣಕಲು ಅಂಬಿಗ, ಮೀನುಗಳ ಭಾಷೆ ಬಲ್ಲವನು. ಇಬ್ಬರಿಗೂ ದಾರಿಯಲ್ಲಿ ತಾಯಿಯಿಲ್ಲದ ಒಂದು ರೆಕ್ಕೆಹಾವಿನ ಮರಿ ಸಿಗುತ್ತದೆ. ಸೀನಿದರೆ ಬೆಂಕಿ ಕಾರುವ ಮರಿ. ಏಳು ಗುಡ್ಡದಾಚೆ ಅದರ ಕುಲದವರಿದ್ದಾರೆ, ಅಲ್ಲಿಗೆ ಅದನ್ನು ಮುಟ್ಟಿಸಬೇಕು. ಗಿರೀಶ ಹೇಳಿದ ದಿನ ಯುದ್ಧಗಳಾಗುತ್ತಿದ್ದವು. ನಾನು ಹೇಳಿದ ದಿನ ಮಳೆ, ಮಂಜು, ಕಾಡು. ಬಸು ಹೇಳಿದ ದಿನ ಮಾತ್ರ ಭೈರಗೊಂಡ ತನ್ನ ರುಮಾಲನ್ನು ಬಿಚ್ಚಿ ಜೋಲಿ ಕಟ್ಟುತ್ತಿದ್ದ, ಬೆರಳನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗಿಡುತ್ತಿದ್ದ, ಅದರ ರೆಕ್ಕೆಯ ಮಡಿಕೆಗೆ ಎಣ್ಣೆ ಹಚ್ಚುತ್ತಿದ್ದ.

"ಯುದ್ಧ ಯಾವಾಗ ಮಾರಾಯ? ಮೂರು ದಿನ ಆಯ್ತು, ಬರೀ ಹಾಲು ಕುಡಿಸುದೇ!" ಗಿರೀಶ ಚಪಾತಿ ಲಟ್ಟಿಸುತ್ತ ರೇಗಿಸುತ್ತಿದ್ದ.

"ತಡಿಯಲೇ. ಮರಿ ತೇಗಬೇಕು. ತೇಗಿದ ಮ್ಯಾಲೆ ಯುದ್ಧ."

ನಾವು ನಗುತ್ತಿದ್ದೆವು, ಆದರೆ ಮರಿ ತೇಗುವವರೆಗೆ ಕಾಯುತ್ತಲೂ ಇದ್ದೆವು. ಕ್ರಮೇಣ ಗಿರೀಶನ ಯುದ್ಧಗಳೂ ಬದಲಾದವು. ಗಾಯವಾದ ಸೂರ ನೋವೆಂದು ಅತ್ತ. ಭೈರಗೊಂಡ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಾನು ಬೆಳೆದ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೇಲೆ ಅಪ್ಪ ನನ್ನ ಹೆಗಲು ಮುಟ್ಟಿದ್ದು ನೆನಪಿಲ್ಲ. ಗೆಳೆಯರು ಮುಟ್ಟುತ್ತಿದ್ದುದು ಬೆನ್ನಿಗೆ ಗುದ್ದುವಾಗ. ನಮ್ಮ ಕತೆಯಲ್ಲಿ ಮಾತ್ರ ಇಬ್ಬರು ಗಂಡಸರು ಒಬ್ಬರ ತಲೆಯನ್ನು ಇನ್ನೊಬ್ಬರು ನೇವರಿಸಬಹುದಿತ್ತು, ಹೆದರಿಕೆಯಾಗುತ್ತಿದೆ ಎನ್ನಬಹುದಿತ್ತು. ಅಲ್ಲಿ ಯಾರೂ ಯಾರ ಕೈಬಳೆಯನ್ನೂ ಕೇಳಿರಲಿಲ್ಲ. ಕತೆಯಲ್ಲಿ ಒಂದೂವರೆ ತಿಂಗಳು ಬಾರದ ಆ ಮಾತು ಹಳ್ಳದ ದಡದಲ್ಲಿ ಬಂತು.

ಹಳ್ಳಕ್ಕೆ ಹೋದ ಹಿಂದಿನ ದಿನ, ಶನಿವಾರ, ಪಾತ್ರೆ ನನ್ನದು. ಹುರುಪಿನಲ್ಲಿದ್ದೆ. ಸೂರ ನದಿಯಲ್ಲಿ ಕೊಚ್ಚಿಹೋಗುತ್ತಾನೆ. ಭೈರಗೊಂಡನಿಗೆ ಈಜು ಬಾರದು. ಆದರೂ ಹಿಂದೆ ಮುಂದೆ ನೋಡದೆ ಹಾರುತ್ತಾನೆ. "ಗೆಳೆಯ ಅಂದ್ರೆ ಅದು!" ಎಂದು ಕುಕ್ಕರಿನ ಮುಚ್ಚಳ ಎತ್ತಿ ಸಾರಿದೆ.

ಹಿಂದಿನಿಂದ ಬಸುವಿನ ದನಿ ಬಂತು. "ಮರಿ ಎಲ್ಲಿಟ್ಟು ಹಾರಿದ?"

ನಾನು ಯೋಚಿಸಿಯೇ ಇರಲಿಲ್ಲ. "ದಡದಲ್ಲಿ."

"ಒಂದss?"

"ಹ್ಞೂಂ."

"ಅಂವ ಹಂಗ ಬಿಟ್ಟು ಹಾರಂಗಿಲ್ಲ, ಹರಿ."

"ಕತೆ ನನ್ನದು, ಹಾರ್ತಾನೆ," ಎಂದೆ. ಗಿರೀಶ ಚಪ್ಪಾಳೆ ತಟ್ಟಿದ. ಬಸು ಹಿಟ್ಟು ನಾದತೊಡಗಿದ.

ಮರುದಿನ ಗಿರೀಶ ಹಳ್ಳದ ನಡುವೆ ಇದ್ದಾಗ ಮೊದಲು ಬಂದದ್ದು ಸದ್ದು. ಮೇಲೆ ಎಲ್ಲೋ ಲಾರಿ ಜಲ್ಲಿ ಸುರಿದಂತೆ. ಆಮೇಲೆ ನೀರಿನ ಬಣ್ಣ ಬದಲಾಯಿತು. ತಿಳಿಯಾಗಿದ್ದದ್ದು ಚಹಾದ ಬಣ್ಣಕ್ಕೆ ತಿರುಗಿ, ಕಡ್ಡಿ ಎಲೆಗಳನ್ನು ಹೊತ್ತು, ನೋಡುನೋಡುತ್ತ ಗಿರೀಶನ ಸೊಂಟಕ್ಕೇರಿತು. ಅವನು ಬಿದ್ದ. ಹತ್ತು ಮಾರು ಕೆಳಗೆ ಒಂದು ಬಂಡೆಗೆ ಬಡಿದು ಅದನ್ನು ತಬ್ಬಿಕೊಂಡ. ತಲೆ ಮತ್ತು ಎರಡು ಕೈ ಮಾತ್ರ ಕಾಣುತ್ತಿದ್ದವು. ನಾವಿಬ್ಬರೂ ದಡದಲ್ಲಿ ಅವನ ನೇರಕ್ಕೆ ಓಡಿದೆವು. ಗಿರೀಶ ಏನೋ ಕೂಗುತ್ತಿದ್ದ, ಕೇಳಿಸಲಿಲ್ಲ. ನಾನು ಅವನನ್ನೇ ನೋಡುತ್ತಿದ್ದೆ. ಮರುಕ್ಷಣ ಪಕ್ಕದಲ್ಲಿ ಬಸು ಇರಲಿಲ್ಲ. ನೀರಿನಲ್ಲಿದ್ದ. ಪ್ರವಾಹ ಅವನನ್ನು ಅದೇ ಬಂಡೆಗೆ ಅಪ್ಪಳಿಸಿತು. ಒಂದು ಕೈಯಲ್ಲಿ ಬಂಡೆಯ ಸೀಳನ್ನೂ ಇನ್ನೊಂದರಲ್ಲಿ ಗಿರೀಶನ ಅಂಗಿಯ ಕಾಲರನ್ನೂ ಅವನು ಹಿಡಿದದ್ದು ಕಂಡೆ.

ಮೂವರಲ್ಲಿ ಈಜು ಬರುತ್ತಿದ್ದುದು ನನಗೊಬ್ಬನಿಗೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿನ ಕೆರೆಯಲ್ಲಿ ಕಲಿತಿದ್ದೆ. ನಾನು ನಿಂತೇ ಇದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಆ ಹೊತ್ತನ್ನೇ ನಾನು ಈಗಲೂ ಅಳೆಯುತ್ತಿರುತ್ತೇನೆ. ಆಮೇಲೆ ಓಡಿದೆ. ಇಳಿಜಾರಿನಲ್ಲಿ ಪಾಡಾದ, ಗುಡ್ಡದ ಆದಿವಾಸಿ ಹಾಡಿಯ, ಇಬ್ಬರು ಏಡಿ ಹಿಡಿಯುತ್ತಿದ್ದರು, ಅಪ್ಪ ಮಗ ಇರಬೇಕು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. ಮಗ ಓಡಿಹೋಗಿ ಎಮ್ಮೆ ಕಟ್ಟುವ ಹಗ್ಗ ತಂದ. ಮರಕ್ಕೆ ಒಂದು ಸುತ್ತು ಹಾಕಿ ಎಸೆದರು. ನಾನು ಬಸುವಿನ ಹೆಸರನ್ನು ಕೂಗುತ್ತಲೇ ಇದ್ದೆ. ಆ ಮುದುಕ ನನ್ನ ಕೈಗೆ ಹಗ್ಗದ ತುದಿ ತುರುಕಿ, "ಓರಡೂ ನಕೋಸ್, ದೋರ್ ಧರ್," ಎಂದ. ಅರಚಬೇಡ, ಹಗ್ಗ ಹಿಡಿ. ಹಿಡಿದೆ. ಮೊದಲು ಗಿರೀಶ ಬಂದ, ಆಮೇಲೆ ಬಸು. ದಡಕ್ಕೆ ಬಂದ ಮೇಲೂ ಬಸುವಿನ ಮುಷ್ಟಿ ಬಿಚ್ಚಲಿಲ್ಲ. ಮುದುಕ ಒಂದೊಂದೇ ಬೆರಳನ್ನು ಎತ್ತಿ ಗಿರೀಶನ ಕಾಲರು ಬಿಡಿಸಿದ.

ಸುಮಾರು ಮುಕ್ಕಾಲು ಗಂಟೆ ಅವರಿಬ್ಬರೂ ಆ ಬಂಡೆಗೆ ಅಂಟಿಕೊಂಡಿದ್ದರು. ಅಷ್ಟೂ ಹೊತ್ತು ಬಸು ತನ್ನ ಕಿವಿಯಲ್ಲಿ ಕೂಗುತ್ತಿದ್ದನೆಂದು ಆಸ್ಪತ್ರೆಯಲ್ಲಿ ಗಿರೀಶ ಹೇಳಿದ. "ಏನು ಕೂಗ್ತಿದ್ದ?" ಎಂದು ಕೇಳಿದೆ.

"ಕತೆ. ಮರಿಗೆ ಹಲ್ಲು ಬಂದವಂತೆ. ಭೈರಗೊಂಡನ ಕಿವಿ ಕಚ್ತದಂತೆ. 'ಕೇಳಿದಿ ಏನು, ಕೇಳಿದಿ ಏನು' ಅಂತ ಕೇಳ್ತಾ ಇದ್ದ. ನಾನು ಹ್ಞೂಂ ಅನ್ನದಿದ್ರೆ ಬೈತಿದ್ದ."

ಗಿರೀಶನ ಎರಡು ಬೆರಳು ಮುರಿದಿದ್ದವು, ಬಸುವಿನ ಒಂದು ಪಕ್ಕೆಲುಬು. ಮೂರನೇ ದಿನ ಮನೆಗೆ ಬಂದೆವು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ.

ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಬಿಲ್ಡಿಂಗಿನ ಮೇಲಿನ ಟ್ಯಾಂಕಿಗೆ ನೀರು ಏರುವ ಸದ್ದಿಗೆ ನಾನು ಎದ್ದು ಕೂರುತ್ತಿದ್ದೆ. ಗಿರೀಶನಿಗೆ ದೀಪ ಆರಿಸಿದರೆ ಆಗುತ್ತಿರಲಿಲ್ಲ. ಬಸು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ, ಮುಷ್ಟಿ ಬಿಗಿದುಕೊಂಡು. ಮಲಗಿಲ್ಲವೆಂದು ಅವನ ಹೆಬ್ಬೆರಳು ಹೇಳುತ್ತಿತ್ತು, ಅದು ಅಲ್ಲಾಡುತ್ತಲೇ ಇರುತ್ತಿತ್ತು. ಒಬ್ಬರಿಗೊಬ್ಬರು ನಿದ್ದೆಯ ನಾಟಕವಾಡುತ್ತ ಬೆಳಗು ಮಾಡುತ್ತಿದ್ದೆವು. ಪಾತ್ರೆಗಳನ್ನು ಮೌನದಲ್ಲಿ ತೊಳೆಯುತ್ತಿದ್ದೆವು.

ಹೊರಗೆ ಮಾತ್ರ ಬಸು ವೀರನಾಗಿದ್ದ. ಈಜು ಬಾರದೆಯೂ ಗೆಳೆಯನಿಗಾಗಿ ಹಾರಿದವನು! ಆ ಮಾತು ಸೈಟಿಗೆ ಹೋಗಿದ್ದು ನನ್ನಿಂದಲೇ. ಅವನ ಕೈಕೆಳಗಿನವರು ಹೂವಿನ ಹಾರ ತಂದು ಹಾಕಿದರು. ಬಸು ಹಾರ ತೆಗೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿದ. ಅದೇ ವಾರ ನಮಗೆ ಹೇಳಿದ: "ಶ್ರಾವಣ ಬಂತಂದ್ರ ಊರಿಗೆ ಹೋಗ್ತೀನಿ. ಮತ್ತ ಬರಂಗಿಲ್ಲ."

ಯಾಕೆಂದು ಗಿರೀಶ ಕೇಳಿದ. "ಸುಮ್ನ," ಎಂದ. ನನಗೆ ಮಾತ್ರ ಕಾರಣ ಗೊತ್ತಿದೆ ಎಂದುಕೊಂಡೆ. ನನ್ನ ಮುಖ ನೋಡಲು ಅವನಿಗೆ ಆಗುತ್ತಿಲ್ಲ. ಶನಿವಾರದ ನನ್ನ ಕತೆಯೇ ಅವನನ್ನು ನೀರಿಗೆ ತಳ್ಳಿತು. ಎಂಟು ತಿಂಗಳ ಮಗುವಿನ ಅಪ್ಪನನ್ನು ನನ್ನ ಬಾಯಿಚಪಲ ಕೊಲ್ಲುತ್ತಿತ್ತು, ಈಜು ಬಲ್ಲ ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. "ಚಾ ಕುಡಿತೀಯಾ?" ಎಂದಷ್ಟೇ ಬರುತ್ತಿತ್ತು.

ಅಷ್ಟರಲ್ಲಿ ಗಿರೀಶನ ಅಪ್ಪ, ಮಗನನ್ನು ಉಳಿಸಿದವನಿಗೆ ಏನು ಮಾಡಿದರೂ ಕಡಿಮೆಯೆಂದು, ಡೊಂಬಿವಲಿಯ ಕನ್ನಡಿಗರನ್ನೆಲ್ಲ ಸೇರಿಸಿ ಸನ್ಮಾನ ಇಟ್ಟುಕೊಂಡರು. ನಮ್ಮವರಿಗೆ ಕೃತಜ್ಞತೆ ಉಕ್ಕಿದರೆ ಅದು ಶಾಲಿನ ರೂಪದಲ್ಲಿಯೇ ಹೊರಬರಬೇಕು. ಬಸು ಎರಡು ಸಲ ಬೇಡವೆಂದ. ಸಂಕೋಚವೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಭಾನುವಾರ ಬೆಳಗ್ಗೆ, ಸಭಾಂಗಣದ ವೇದಿಕೆಯ ಮೇಲೆ, ಅವನನ್ನು ಹೂವಿನಿಂದ ಸಿಂಗರಿಸಿದ ಕುರ್ಚಿಯಲ್ಲಿ ಕೂರಿಸಿದರು. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಮಡಿಲಿಗಿಟ್ಟರು. ಭಾಷಣ ಮಾಡಿದ ಹಿರಿಯರೊಬ್ಬರು, "ಗಂಡು ಮೆಟ್ಟಿದ ನಾಡಿನ ಗಂಡುಗಲಿ! ಸಾವಿಗೆ ಅಂಜದೆ ಹಾರಿದ ಹನುಮ!" ಎಂದರು. ಎರಡು ಮಾತಾಡಲು ಬಸುವನ್ನು ಕರೆದರು. ಅವನು ಮೈಕಿನ ಮುಂದೆ ನಿಂತು, "ನಮಸ್ಕಾರ್ರಿ," ಎಂದಷ್ಟೇ ಹೇಳಿ ಬಂದು ಕೂತ. ಅದಕ್ಕೆ ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿದ್ದ ನನಗೆ ಅವನ ಹೆಬ್ಬೆರಳು ಅಲ್ಲಾಡುವುದು ಕಾಣುತ್ತಿತ್ತು.

ಸಂಜೆಗೆ ಕಾಮೋಠೆಗೆ ಬಂದೆವು. ಬಸು ಪೇಟವನ್ನು ತೆಗೆದು ಗ್ಯಾಸ್ ಸಿಲಿಂಡರಿನ ಮೇಲಿಟ್ಟ. ಅದಕ್ಕೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಗಿರೀಶನಿಗೆ ನಗು ಬಂತು, ಆದರೆ ಬಸುವಿನ ಮುಖ ನೋಡಿ ನುಂಗಿಕೊಂಡ. ಅಂದು ಪಾತ್ರೆ ಬಸುವಿನದಲ್ಲ, ನನ್ನದು. ಆದರೂ ಅವನು ಹೋಗಿ ನಲ್ಲಿ ತಿರುಗಿಸಿದ. ಹೆಗಲ ಮೇಲೆ ಶಾಲು ಹಾಗೆಯೇ ಇತ್ತು. ಬೆಳಗಿನ ಬಾಣಲೆಯನ್ನು ಉಜ್ಜಲು ಶುರುಮಾಡಿದ. ತುಸು ಹೊತ್ತಿಗೆ ನೀರಿನ ಸದ್ದಿನ ಮೇಲೆ ಅವನ ದನಿ ಕೇಳಿತು.

"ಭೈರಗೊಂಡ ಹಾರಲಿಲ್ಲ."

ನಾವಿಬ್ಬರೂ ತಲೆಯೆತ್ತಿದೆವು.

"ಸೂರ ನೀರಾಗ ಒದರ್‍ಲಾಕತ್ತಿದ್ದ. ಭೈರಗೊಂಡ ನೋಡಿದ. ದಡದ ಮ್ಯಾಲೆ ಮರಿ ಇತ್ತು. ಮರಿ ಮುಖ ಕಣ್ಣ ಮುಂದ ಬಂತು. ನಾ ಒಲ್ಲೆ, ನಾ ಹೋಗಂಗಿಲ್ಲ ಅಂದ. ಮರಿ ಕಡಿಗೆ ಹೊಳ್ಳಿ ಒಂದು ಹೆಜ್ಜಿ ಇಟ್ಟ. ಪಾಚಿ ಇತ್ತು. ಕಾಲು ಜಾರಿತು." ಬಾಣಲೆ ಉಜ್ಜುವುದು ನಿಂತಿತ್ತು. ನೀರು ಸುಮ್ಮನೆ ಹರಿಯುತ್ತಿತ್ತು. "ಅಷ್ಟss. ಜಾರಿ ಬಿದ್ದವಗ ಪೇಟ ಸುತ್ತ್ಯಾರ. ಗಿರಿ, ನಾ ನಿನ್ನ ಬಿಟ್ಟು ಹೊಂಟಿದ್ದೆಲೇ."

ಗಿರೀಶ ಎದ್ದು ಹೋಗಿ, ಪಟ್ಟಿ ಕಟ್ಟಿದ ಕೈಯಿಂದಲೇ ನಲ್ಲಿ ನಿಲ್ಲಿಸಿದ. ಬಸುವಿನ ಬೆನ್ನಿಗೆ ಹಣೆಯಿಟ್ಟು ನಿಂತ.

"ಜಾರಿದ್ರೆ ಜಾರ್ಲಿ ಮಾರಾಯ. ಮತ್ತೆ ನನ್ನ ಕಾಲರು ಹಿಡ್ಕೊಂಡದ್ದು ಯಾರು, ಪಾಚಿಯಾ? ಅಷ್ಟು ಹೊತ್ತು ಮರಿಗೆ ಹಲ್ಲು ಬಂತು ಅಂತ ಬೊಬ್ಬೆ ಹೊಡೆದದ್ದು ಪಾಚಿಯಾ? ಬಳೆ ಅಂದದ್ದು ನಾನು. ನೀನು ಗುಡ್ಡ ಇಳಿಯುವ ಅಂದಿ. ಆ ಒಂದು ಮಾತು ನಾನು ಹೇಳದಿದ್ರೆ ಎಲ್ರೂ ಐದು ಗಂಟೆಗೆ ಮನೇಲಿ ಚಾ ಕುಡಿತಾ ಇದ್ವಿ. ಯಾರೂ ನನ್ನನ್ನು ಬೈಲಿಲ್ಲ. ನೀನಾದ್ರೂ ಬೈ."

ಬಸು ಬೈಯಲಿಲ್ಲ. ತಿರುಗಿ, ಸೋಪಿನ ಕೈಯಿಂದಲೇ ಅವನ ತಲೆ ಸವರಿದ.

ಈಗ ನನ್ನ ಸರದಿ ಎಂದು ಯಾರೂ ಹೇಳಲಿಲ್ಲ, ಆದರೆ ನಲ್ಲಿಯ ಮುಂದೆ ಜಾಗ ಖಾಲಿಯಿತ್ತು. ಹೋಗಿ ನಿಂತು ಒಂದು ಲೋಟ ಕೈಗೆತ್ತಿಕೊಂಡೆ. ಕತೆಯ ಹೆಸರುಗಳು ಬಾಯಿಗೆ ಬರಲಿಲ್ಲ, ನನ್ನದೇ ಹೆಸರಲ್ಲಿ ಹೇಳಿದೆ. ಸಹಾಯ ತರಲು ನಾನು ಓಡಲಿಲ್ಲ. ಸುಮ್ಮನೆ ಓಡಿದೆ. ಅದನ್ನು ನೋಡಲಾಗದೆ ಓಡಿದೆ. ಏಡಿ ಹಿಡಿಯುವವರು ಎದುರಿಗೆ ಸಿಗದಿದ್ದರೆ ಎಲ್ಲಿಯವರೆಗೆ ಓಡುತ್ತಿದ್ದೆನೋ ಗೊತ್ತಿಲ್ಲ.

ಬಸು ಮೂಗೊರೆಸಿಕೊಂಡ. ಹೊಸ ಶಾಲಿನಿಂದಲೇ.

"ಓಡಿದಿ, ಓಡಿದಿ. ಮತ್ತ ಹಗ್ಗ ತಗೊಂಡು ಹೊಳ್ಳಿ ಬಂದಂವ ಯಾರಲೇ? ನಿಮ್ಮಪ್ಪನಾ?"

ಮೂವರಿಗೂ ಒಟ್ಟಿಗೆ ನಗು ಬಂತು. ನಗುತ್ತ ನಗುತ್ತ ಬಸು ಪಕ್ಕೆಲುಬು ಹಿಡಿದುಕೊಂಡು ನೆಲಕ್ಕೆ ಕೂತ. ಗಿರೀಶ ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿ, ಬಸು ಹಾರಿದ್ದಲ್ಲ, ಜಾರಿದ್ದು ಎಂದ. ಹೋಟೆಲಿನ ಗದ್ದಲದ ನಡುವೆ ಅವರು, "ಪೇಟ ಅವನ ಹತ್ರವೇ ಇರ್ಲಿ ಹೇಳು. ಹೋಗಿ ಊಟ ಮಾಡಿ," ಎಂದರು.

ಬಸು ಶ್ರಾವಣದಲ್ಲಿ ಊರಿಗೆ ಹೋದ, ಹದಿನೈದು ದಿನ ಮಗಳನ್ನು ಎತ್ತಿಕೊಂಡು ತಿರುಗಿದ, ದಸರೆಗೆ ಮುಂಚೆ ತಾಯಿ ಮಗಳಿಬ್ಬರನ್ನೂ ಕರೆದುಕೊಂಡೇ ವಾಪಸು ಬಂದ. ಈಗ ಅವರು ನಮ್ಮ ಎದುರಿನ ಬಿಲ್ಡಿಂಗಿನಲ್ಲಿದ್ದಾರೆ. ಆದರೆ ಅಂದು ಅದ್ಯಾವುದೂ ನಮಗೆ ಗೊತ್ತಿರಲಿಲ್ಲ. ಹೇಳಿಕೊಂಡ ಕೂಡಲೇ ಅಂದೇ ನಿದ್ದೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಭಾನುವಾರ ಬರಲಿಲ್ಲ, ಸೋಮವಾರವೂ ಇಲ್ಲ. ಆದರೆ ನಾಟಕ ನಿಂತಿತ್ತು. ಯಾರಿಗೆ ಎಚ್ಚರವಾದರೂ "ಎಚ್ಚರ ಇದ್ದೀಯೇನು?" ಎಂದು ಕೇಳುತ್ತಿದ್ದೆವು. ಚಾಪೆಗಳನ್ನು ಹತ್ತಿರಕ್ಕೆ ಎಳೆದುಕೊಂಡೆವು.

ಗುರುವಾರ ಬೆಳಗ್ಗೆ ಯಾರೋ ಬಾಗಿಲು ಬಡಿದರು. ಎದುರು ಮನೆಯ ಮರಾಠಿ ಕಾಕೂ, ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದರು. ಅವರ ಹಿಂದೆ ಮೆಟ್ಟಿಲ ಬುಡದಲ್ಲಿ ಯಾರದೋ ಚಪ್ಪಲಿಗಳು ತೇಲುತ್ತಿದ್ದವು. ಗಂಟೆ ಒಂಬತ್ತೂವರೆ. "ಕಾಯ್ ರೇ, ಜಿವಂತ್ ಆಹಾತ್ ನಾ ತಿಘೇ?" ಮೂವರೂ ಬದುಕಿದ್ದೀರಿ ತಾನೇ? ರಾತ್ರಿಯಿಡೀ ಆಕಾಶ ಹರಿದು ಸುರಿದಿದೆ, ಗಾಡಿಗಳು ನಿಂತಿವೆ, ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ಬಿಲ್ಡಿಂಗಿನವರೆಲ್ಲ ಎದ್ದು ಕೂತಿದ್ದರು, ನಿಮ್ಮ ಮನೆಯಲ್ಲಿ ಒಂದು ದೀಪವೂ ಹತ್ತಲಿಲ್ಲವಲ್ಲ ಎಂದರು.

ಬಾಗಿಲು ತೆರೆದ ಬಸು ಆಕಳಿಸಿದ. ಮುಖದ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. ಕಣ್ಣುಜ್ಜಿಕೊಳ್ಳುತ್ತ ನಮ್ಮ ಕಡೆ ತಿರುಗಿ ಕೇಳಿದ:

"ಮಳಿ ಬಂದಿತ್ತೇನಲೇ?"